ನಮ್ಮ ಬಾಲಿಕೆಯರೂ ಇಥಿಯೋಪಿಯ ದೇಶವೂ

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಕಟ್ಟಡಗಳ ಚರಿತ್ರೆಯನ್ನೂ ಪರೀಕ್ಷೆಗಳ ಫಲಿತಾಂಶಗಳನ್ನೂ ಬರೆಯುವುದು ವಾಡಿಕೆ. ಅವು ಬೇಕಾದವುಗಳೇ, ಅವನ್ನು ಬರೆಯಲು ನಮಗಿಂತ ಯೋಗ್ಯರಾದವರು ಇದ್ದಾರೆ. ನಾವಾದರೋ ಪೂರ್ವ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಬೇರೊಂದು ವಿಷಯವನ್ನು ಇಡಬೇಕೆಂದಿದ್ದೇವೆ. ನಮ್ಮ ಮಕ್ಕಳು ದೂರದೇಶದ ಜನರ ವಿಷಯವಾಗಿ, ವಿಶೇಷವಾಗಿ ಆಫ್ರಿಕ ಖಂಡದ ಜನರ ವಿಷಯವಾಗಿ, ಏನನ್ನು ಕಲಿಯುತ್ತಾರೆ, ಹೇಗೆ ಕಲಿಯುತ್ತಾರೆ ಎಂಬುದೇ ಆ ವಿಷಯ. ಇದು ಚಿಕ್ಕದೆಂದು ಕೆಲವರಿಗೆ ತೋರಬಹುದು. ಚಿಕ್ಕದಲ್ಲವೆಂಬುದೇ ನಮ್ಮ ಅಭಿಪ್ರಾಯ.

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ನಾವು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ವಾರ್ಷಿಕೋತ್ಸವಕ್ಕೆ ‘ಲೋಕದ ಮಕ್ಕಳು’ ಎಂಬ ನೋಟವೊಂದನ್ನು ಸಿದ್ಧಪಡಿಸಿದ್ದೆವು. ಜಪಾನಿಗೆ ರೇಷ್ಮೆಯ ನಿಲುವಂಗಿ, ಹಾಲೆಂಡಿಗೆ ಬಿಳಿಯ ಟೊಪ್ಪಿಗೆ, ಸ್ಕಾಟ್ಲೆಂಡಿಗೆ ಚೌಕುಳಿಯ ಲಂಗ ದೊರಕಿದವು. ಆಫ್ರಿಕ ನಮ್ಮ ಪಾಲಿಗೆ ಬಂದಿತು. ನಾವು ನಾಲ್ವರು ಮುಖಕ್ಕೆ ಇದ್ದಿಲಿನ ಮಸಿಯನ್ನು ಬಳಿದುಕೊಂಡು, ಸೊಂಟಕ್ಕೆ ಮಾವಿನ ಸೊಪ್ಪನ್ನು ಕಟ್ಟಿಕೊಂಡು, ಕೋಲು ಹಿಡಿದು, ಅರ್ಥವಿಲ್ಲದ ಕೂಗು ಹಾಕುತ್ತ ಕುಣಿದೆವು. ಸಭೆಯೆಲ್ಲ ನಕ್ಕಿತು, ಎಲ್ಲಕ್ಕಿಂತ ಹೆಚ್ಚಿನ ಚಪ್ಪಾಳೆ ನಮಗೇ ಬಿದ್ದಿತು. ನಮ್ಮನ್ನು ತಡೆದವರು ಒಬ್ಬರೂ ಇರಲಿಲ್ಲ. ತಡೆಯಬೇಕಾದದ್ದು ಅದರಲ್ಲಿ ಏನಾದರೂ ಉಂಟೆಂದು ಯಾರಿಗೂ ತೋಚಲಿಲ್ಲ.

ಅಂದು ರಾತ್ರಿ ಬಾವಿಯ ಕಟ್ಟೆಯ ಬಳಿ ನಾವು ಮುಖ ತೊಳೆಯುತ್ತಿದ್ದಾಗ ವಿದ್ಯಾರ್ಥಿನಿಲಯದ ಕಿರಿಯ ಹುಡುಗಿಯೊಬ್ಬಳು ನೀರು ಸೇದಿ ಕೊಡುತ್ತಿದ್ದಳು. ಅವಳು ಯಲ್ಲಾಪುರದ ಕಡೆಯ ಸಿದ್ದಿ ಮನೆತನದವಳು. ಮಸಿ ಬೇಗ ಬಿಡಲೊಲ್ಲದೆಂದು ನಮ್ಮಲ್ಲೊಬ್ಬಳು ಗೊಣಗಿದಳು. ಆಗ ಆ ಹುಡುಗಿ ಕೊಡವನ್ನು ಕೆಳಗಿಟ್ಟು, “ಪರವಾಗಿಲ್ಲ ಅಕ್ಕಾ, ನಿಮ್ಮದು ತೊಳೆದರೆ ಹೋಗುತ್ತದೆ” ಎಂದಳು. ಅವಳ ಮಾತಿನಲ್ಲಿ ಕೋಪವಿರಲಿಲ್ಲ. ನಾವು ಉತ್ತರ ಕೊಡಲಿಲ್ಲ. ಇಂದಿಗೂ ನಮ್ಮಲ್ಲಿ ಉತ್ತರವಿಲ್ಲ. ಆ ವರ್ಷ ಭೂಗೋಳದಲ್ಲಿ ನಮಗೆ ಒಳ್ಳೆಯ ಅಂಕಗಳೇ ಬಂದಿದ್ದವು.

ಬಾಲ್ಯದ ಅಜ್ಞಾನ ಬಾಲ್ಯದೊಡನೆ ಕಳೆದುಹೋಗುವುದಾದರೆ ಚಿಂತೆಯಿರಲಿಲ್ಲ. ಅದು ನಮ್ಮೊಡನೆ ಬೆಳೆಯುತ್ತದೆ. 2016ನೆಯ ಇಸವಿ ಜನವರಿ 31ರಂದು ಬೆಂಗಳೂರಿನ ಹೊರವಲಯದಲ್ಲಿ ಸೂಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ತಗಲಿ ಒಬ್ಬ ಹೆಂಗಸು ತೀರಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅದೇ ದಾರಿಯಲ್ಲಿ ಬಂದ ಟಾಂಜಾನಿಯ ದೇಶದ ವಿದ್ಯಾರ್ಥಿನಿಯೊಬ್ಬಳನ್ನು ಗುಂಪು ಎಳೆದು ಹೊಡೆಯಿತು. ಆ ಅಪಘಾತಕ್ಕೂ ಅವಳಿಗೂ ಯಾವ ಸಂಬಂಧವೂ ಇರಲಿಲ್ಲ. ಸೂಡಾನಿಗೂ ಟಾಂಜಾನಿಯಕ್ಕೂ ಗಡಿ ಸಹ ತಾಗುವುದಿಲ್ಲ. ಹೊಡೆದವರಿಗೆ ಅವಳ ದೇಶ ಯಾವುದೆಂದು ಕೇಳುವ ಅವಶ್ಯಕತೆಯೇ ಕಾಣಲಿಲ್ಲ. ಬಣ್ಣ ಒಂದೇ ಎಂಬುದೇ ಅವರಿಗೆ ಸಾಕಾದ ಸಾಕ್ಷಿಯಾಯಿತು. ಆ ಗುಂಪಿನವರೂ ಎಲ್ಲಿಯೋ ಶಾಲೆಗೆ ಹೋದವರೇ, ಎಂದೋ ಭೂಪಟವನ್ನು ಬರೆದವರೇ ಆಗಿದ್ದಿರಬೇಕು. ಆದ್ದರಿಂದ ಶಾಲೆಯು ಇದರಲ್ಲಿ ತನ್ನ ಪಾಲಿಲ್ಲವೆಂದು ಹೇಳಿಕೊಳ್ಳಲಾರದು.

ಹಾಗಾದರೆ ಏನು ಮಾಡತಕ್ಕದ್ದು? ಮೊದಲನೆಯದಾಗಿ, ‘ಆಫ್ರಿಕ’ ಎಂದು ಒಂದೇ ಮಾತಿನಲ್ಲಿ ಪಾಠ ಹೇಳುವುದನ್ನು ಬಿಡಬೇಕು. ವಿಶ್ವಸಂಸ್ಥೆಯ ಸದಸ್ಯರಾದ 54 ದೇಶಗಳು ಆ ಖಂಡದಲ್ಲಿವೆ. ಅವೆಲ್ಲವನ್ನೂ ಒಂದು ಪಾಠದಲ್ಲಿ ತುಂಬಿದರೆ ಮರುಭೂಮಿ, ಕಾಡು, ಸಿಂಹ, ಬಡತನ ಎಂಬ ನಾಲ್ಕು ಮಾತುಗಳು ಮಾತ್ರ ಉಳಿಯುವುವು, ಮನುಷ್ಯರು ಉಳಿಯುವುದಿಲ್ಲ. ಒಂದೇ ದೇಶವನ್ನು ಆರಿಸಿಕೊಂಡು ಅದರ ಜನರನ್ನು ಹೆಸರು ಹಿಡಿದು ತಿಳಿಯುವುದೇ ಮೇಲು. ನಾವು ಇಥಿಯೋಪಿಯ ದೇಶವನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇವೆ. ಅದು ಕರ್ನಾಟಕದ ಸುಮಾರು ಐದೂಮುಕ್ಕಾಲು ಪಟ್ಟು ವಿಸ್ತಾರವಾದದ್ದು. ಎಂಬತ್ತಕ್ಕೂ ಹೆಚ್ಚು ಭಾಷೆಗಳು ಅಲ್ಲಿವೆ.

ಆ ದೇಶದ ಪಾಠವನ್ನು ಭೂಪಟದಿಂದ ಆರಂಭಿಸಬೇಕಾದದ್ದಿಲ್ಲ. ನಮ್ಮ ಅಡಿಗೆಮನೆಯಿಂದ ಆರಂಭಿಸಬಹುದು. ನಮ್ಮ ರೈತನ ಮನೆಯ ಮುದ್ದೆಯ ರಾಗಿಯು ಪೂರ್ವ ಆಫ್ರಿಕದ ಎತ್ತರದ ಸೀಮೆಯಲ್ಲಿ, ಇಥಿಯೋಪಿಯದಿಂದ ಉಗಾಂಡದವರೆಗಿನ ನೆಲದಲ್ಲಿ, ಮೊದಲು ಬೆಳೆಗೆ ಬಂದ ಧಾನ್ಯವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಇಥಿಯೋಪಿಯದ ಅಂಹಾರಿಕ್ ಭಾಷೆಯಲ್ಲಿ ಅದಕ್ಕೆ ‘ದಗುಸ’ ಎಂದು ಹೆಸರು. ನಮ್ಮ ಮಲೆನಾಡಿನ ಐಶ್ವರ್ಯವಾದ ಕಾಫಿಯ ಗಿಡವೂ ಆ ದೇಶದ ನೈರುತ್ಯ ಭಾಗದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಗಿಡವೇ. ಅಲ್ಲಿಂದ ಅದು ಯೆಮನ್ ದೇಶಕ್ಕೆ ಹೋಯಿತು. ಯೆಮನಿನಿಂದ 17ನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಸಂತರು ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ನೆಟ್ಟರೆಂದು ನಮ್ಮ ನಾಡಿನಲ್ಲಿ ಪ್ರತೀತಿಯುಂಟು. ಮುಂಜಾನೆ ಕಾಫಿಯನ್ನೂ ಮಧ್ಯಾಹ್ನ ಮುದ್ದೆಯನ್ನೂ ಉಂಡು, ಸಂಜೆ ಆಫ್ರಿಕದಿಂದ ನಮಗೇನಾಗಬೇಕೆಂದು ಕೇಳುವುದು ಉಪ್ಪು ತಿಂದ ಮನೆಯ ದಾರಿಯನ್ನು ಮರೆತಂತೆ.

ಕಾಫಿಯನ್ನು ಆ ಜನರು ‘ಬುನ’ ಎನ್ನುತ್ತಾರೆ, ಅವಸರದಲ್ಲಿ ಕುಡಿಯುವುದಿಲ್ಲ. ನೆಲಕ್ಕೆ ಹಸಿರು ಹುಲ್ಲನ್ನು ಹಾಸಿ, ಧೂಪವನ್ನು ಹಾಕಿ, ಮನೆಯ ಹೆಣ್ಣುಮಗಳು ಅತಿಥಿಗಳ ಎದುರಿಗೇ ಹಸಿಯ ಬೀಜಗಳನ್ನು ತೊಳೆದು ಹುರಿಯುತ್ತಾಳೆ. ಹುರಿದ ಬೀಜದ ಪರಿಮಳವನ್ನು ಎಲ್ಲರೂ ಮೂಸಿ ನೋಡಿದ ಮೇಲೆ ಅದನ್ನು ಕುಟ್ಟಿ, ‘ಜಬೆನ’ ಎಂಬ ನೀಳ ಕೊರಳಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಚಿಕ್ಕ ಬಟ್ಟಲುಗಳಿಗೆ ಬಗ್ಗಿಸುತ್ತಾಳೆ. ಹೀಗೆ ಮೂರು ಸಲ. ಮೂರನೆಯದಕ್ಕೆ ಆಶೀರ್ವಾದವೆಂಬ ಅರ್ಥದ ಹೆಸರಿದೆ. ಅದು ಮುಗಿಯುವ ಮೊದಲೇ ಏಳುವುದು ಮರ್ಯಾದೆಯಲ್ಲ. ಅವರ ಮುಖ್ಯ ಆಹಾರವಾದ ‘ಇಂಜೆರ’ವನ್ನು ನಮ್ಮ ಮಕ್ಕಳಿಗೆ ವಿವರಿಸುವುದಂತೂ ಬಹು ಸುಲಭ. ಸಾಸಿವೆಗಿಂತಲೂ ಸಣ್ಣದಾದ ‘ತೆಫ್’ ಎಂಬ ಧಾನ್ಯದ ಹಿಟ್ಟನ್ನು ಕಲಸಿ, ಎರಡು ಮೂರು ದಿನ ಹುಳಿ ಬರಲು ಬಿಟ್ಟು, ದೊಡ್ಡ ಕಾವಲಿಯ ಮೇಲೆ ಹುಯ್ದು ಬೇಯಿಸುತ್ತಾರೆ. ಮೇಲ್ಮೈಯಲ್ಲಿ ಕಣ್ಣುಕಣ್ಣಾಗಿ ಏಳುತ್ತದೆ. ದೋಸೆಯನ್ನು ಬಲ್ಲ ಮಗುವಿಗೆ ಇನ್ನೇನು ಹೇಳಬೇಕು? ಮನೆಯವರೆಲ್ಲ ಒಂದೇ ತಟ್ಟೆಯ ಸುತ್ತ ಕೂತು ಬಲಗೈಯಿಂದ ಉಣ್ಣುತ್ತಾರೆ. ಪ್ರೀತಿಯುಳ್ಳವರು ತುತ್ತನ್ನು ಮಾಡಿ ಮತ್ತೊಬ್ಬರ ಬಾಯಿಗಿಡುತ್ತಾರೆ. ಆ ತುತ್ತಿಗೆ ‘ಗುರ್ಶ’ ಎಂದು ಹೆಸರು. ನಮ್ಮ ತಾಯಂದಿರ ಕೈತುತ್ತನ್ನು ಉಂಡು ಬೆಳೆದವರಿಗೆ ಈ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನ್ನದಿಂದ ಅಕ್ಷರಕ್ಕೆ ಬರೋಣ. ಆಫ್ರಿಕದವರಿಗೆ ಲಿಪಿಯಿರಲಿಲ್ಲವೆಂಬ ಮಾತನ್ನು ನಾವೂ ಚಿಕ್ಕಂದಿನಲ್ಲಿ ಕೇಳಿ ನಂಬಿದ್ದೆವು. ಇಥಿಯೋಪಿಯದವರ ಗೀಜ್ ಲಿಪಿಯಲ್ಲಿ ಸ್ವರಗಳನ್ನು ಸೂಚಿಸುವ ಗುರುತುಗಳು 4ನೆಯ ಶತಮಾನದ ಹೊತ್ತಿಗೆ ಬಳಕೆಗೆ ಬಂದಿದ್ದವು. ಒಂದೊಂದು ವ್ಯಂಜನಕ್ಕೂ ಏಳು ರೂಪಗಳು. ಲ, ಲು, ಲಿ, ಲಾ, ಲೇ, ಲ್, ಲೊ ಎಂದು ಮಕ್ಕಳು ಸಾಲಾಗಿ ರಾಗ ಮಾಡಿ ಕಲಿಯುತ್ತಾರೆ. ಇದು ನಮ್ಮ ಕಾಗುಣಿತವಲ್ಲವೇ? ಇಂಗ್ಲಿಷಿನ ಮಗುವಿಗೆ ಹೊಸದಾಗಿ ತೋರುವ ಈ ಕ್ರಮವು ಕನ್ನಡದ ಮಗುವಿಗೆ ತನ್ನ ಮನೆಯ ಅಂಗಳದಂತೆ ಪರಿಚಿತವಾದದ್ದು. ಒಂದು ಗಂಟೆ ಈ ಅಕ್ಷರಗಳನ್ನು ಹಲಗೆಯ ಮೇಲೆ ತಿದ್ದಿದ ಬಾಲಿಕೆಯು ಆ ದೇಶದವರನ್ನು ಕಾಡುಜನರೆಂದು ಮತ್ತೆ ಕರೆಯಲಾರಳು.

ಹೆಸರಿಡುವ ಪದ್ಧತಿಯನ್ನೂ ನಮ್ಮ ಹೆಣ್ಣುಮಕ್ಕಳು ಆಸಕ್ತಿಯಿಂದ ಕೇಳುವರು. ಅಲ್ಲಿ ಮನೆತನದ ಹೆಸರೆಂಬುದಿಲ್ಲ. ತನ್ನ ಹೆಸರು, ಅದರ ಮುಂದೆ ತಂದೆಯ ಹೆಸರು. ಮದುವೆಯಾದ ಮೇಲೂ ಹೆಣ್ಣುಮಗಳ ಹೆಸರು ಬದಲಾಗುವುದಿಲ್ಲ. ಅವರ ವರ್ಷಕ್ಕೆ ಹದಿಮೂರು ತಿಂಗಳು. ಹನ್ನೆರಡಕ್ಕೆ ಮೂವತ್ತು ಮೂವತ್ತು ದಿನಗಳು, ಕಡೆಯದಕ್ಕೆ ಐದು ಅಥವಾ ಆರು. ಹೊತ್ತನ್ನು ಸೂರ್ಯೋದಯದಿಂದ ಎಣಿಸುವುದರಿಂದ ನಮ್ಮ ಏಳು ಗಂಟೆಯು ಅವರಿಗೆ ಒಂದು ಗಂಟೆ. ಸೆಪ್ಟೆಂಬರ್ 11ರಂದು, ಕೆಲವು ವರ್ಷಗಳಲ್ಲಿ 12ರಂದು, ಹೊಸವರ್ಷ. ಮಳೆ ಮುಗಿದು ಗುಡ್ಡಗಳಲ್ಲಿ ಹಳದಿಯ ಹೂ ಅರಳುವ ಕಾಲವದು. ಆಗ ಹುಡುಗಿಯರು ಮನೆಮನೆಗೆ ಹೋಗಿ ಹಾಡಿ ಹೂಗೊಂಚಲುಗಳನ್ನು ಕೊಡುತ್ತಾರೆ. ನಮ್ಮ ಲೆಕ್ಕದ 2007ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಅವರು 2000ನೆಯ ವರ್ಷವನ್ನು ಬರಮಾಡಿಕೊಂಡರು. ಕಾಲವನ್ನು ಎಣಿಸುವ ರೀತಿ ಒಂದೇ ಅಲ್ಲವೆಂದು ಯುಗಾದಿಯನ್ನು ಆಚರಿಸುವ ನಾಡಿನ ಮಗುವಿಗೆ ಬೇಗನೆ ತಿಳಿಯುತ್ತದೆ.

ನಮ್ಮಂಥ ಶಾಲೆಗಳಲ್ಲಿ ಓದಿದವರು ವಿಶೇಷವಾಗಿ ಅರಿಯಬೇಕಾದ ಮಾತೊಂದುಂಟು. ಕ್ರೈಸ್ತ ಮತವೆಂದರೆ ಯೂರೋಪಿನಿಂದ ಹೊರಟು ಕಪ್ಪು ಜನರಿಗೆ ಮುಟ್ಟಿಸಲ್ಪಟ್ಟದ್ದೆಂದು ನಾವು ಎಣಿಸಿಕೊಂಡಿದ್ದೆವು. ಅಕ್ಸುಂ ಪಟ್ಟಣದ ಅರಸನಾದ ಎಜಾನನು 4ನೆಯ ಶತಮಾನದಲ್ಲಿಯೇ ಆ ಮತವನ್ನು ಸ್ವೀಕರಿಸಿ ತನ್ನ ನಾಣ್ಯಗಳ ಮೇಲೆ ಶಿಲುಬೆಯನ್ನು ಮುದ್ರಿಸಿದನು. ಇಂಗ್ಲೆಂಡಿನ ಕೆಂಟ್ ಸೀಮೆಗೆ ರೋಮಿನಿಂದ ಅಗಸ್ಟೀನನು ಹೋದದ್ದು 597ರಲ್ಲಿ. ಮೆಕ್ಕದಲ್ಲಿ ಹಿಂಸೆಗೊಳಗಾದ ಪ್ರವಾದಿ ಮುಹಮ್ಮದರ ಅನುಯಾಯಿಗಳಿಗೆ ಸುಮಾರು 615ರಲ್ಲಿ ಆಶ್ರಯ ಕೊಟ್ಟವನೂ ಅಕ್ಸುಂ ಅರಸನೇ ಎಂದು ಇಸ್ಲಾಮಿನ ಚರಿತ್ರೆ ಹೇಳುತ್ತದೆ. ಬೇರೆ ಮತದವರಿಗೆ ಬಾಗಿಲು ತೆರೆದ ಆ ದೊರೆಯನ್ನು ಮುಸಲ್ಮಾನರು ಇಂದಿಗೂ ಗೌರವದಿಂದ ನೆನೆಯುತ್ತಾರೆ. ಲಾಲಿಬೆಲ ಎಂಬ ಊರಿನಲ್ಲಿ ಹನ್ನೊಂದು ದೇವಾಲಯಗಳನ್ನು ಬಂಡೆಯನ್ನು ಮೇಲಿನಿಂದ ಕೆಳಕ್ಕೆ ಕಡಿದು ಬಿಡಿಸಿದ್ದಾರೆ. ಬಾದಾಮಿಯ ಗುಹೆಗಳನ್ನು ನೋಡಿದ ನಮ್ಮ ಮಕ್ಕಳು ಅಂಥ ಕೆಲಸದ ಕಷ್ಟವನ್ನು ಊಹಿಸಬಲ್ಲರು.

ಭಾಷೆಯ ಪಾಠಕ್ಕೂ ಆ ದೇಶದ ಚರಿತ್ರೆಯಲ್ಲಿ ಒಂದು ಒಳ್ಳೆಯ ಉದಾಹರಣೆಯಿದೆ. 1889ರಲ್ಲಿ ಇಟಲಿಗೂ ಚಕ್ರವರ್ತಿ ಎರಡನೆಯ ಮೆನೆಲಿಕನಿಗೂ ವುಚಾಲೆ ಎಂಬಲ್ಲಿ ಒಪ್ಪಂದವಾಯಿತು. ಅದರ 17ನೆಯ ಕಲಮಿನಲ್ಲಿ, ಇತರ ರಾಜ್ಯಗಳೊಡನೆ ವ್ಯವಹರಿಸುವಾಗ ಚಕ್ರವರ್ತಿಯು ಇಟಲಿಯ ಸಹಾಯವನ್ನು ಪಡೆಯಬಹುದೆಂದು ಅಂಹಾರಿಕ್ ಪ್ರತಿಯಲ್ಲಿತ್ತು. ಇಟಲಿಯ ಪ್ರತಿಯಲ್ಲಿಯೋ, ಪಡೆಯಲೇಬೇಕೆಂಬ ಅರ್ಥವಿತ್ತು. ‘ಬಹುದು’ ಮತ್ತು ‘ಬೇಕು’ ಎಂಬ ಎರಡು ಮಾತುಗಳ ನಡುವೆ ಒಂದು ದೇಶದ ಸ್ವಾತಂತ್ರ್ಯವೇ ತೂಗುತ್ತಿತ್ತು. ಚಕ್ರವರ್ತಿನಿ ತಾಯ್ತು ಆ ಒಪ್ಪಂದವನ್ನು ದೃಢವಾಗಿ ವಿರೋಧಿಸಿದಳು. ಕಡೆಗೆ ಯುದ್ಧವೊದಗಲು, ಆಕೆ ತನ್ನ ದಳದೊಡನೆ ತಾನೇ ಹೊರಟಳು. 1896ನೆಯ ಇಸವಿ ಮಾರ್ಚ್ 1ರಂದು ಅದ್ವಾ ಎಂಬಲ್ಲಿ ಇಟಲಿಯ ಸೈನ್ಯವು ಸೋತುಹೋಯಿತು. ‘ಹೊಸ ಹೂವು’ ಎಂಬ ಅರ್ಥದ ಆಡಿಸ್ ಅಬಾಬ ಎಂದು ರಾಜಧಾನಿಗೆ ಹೆಸರಿಟ್ಟವಳೂ ಆಕೆಯೇ. ಕಿತ್ತೂರು ಚೆನ್ನಮ್ಮನ ಕಥೆಯನ್ನು ಕೇಳಿ ಬೆಳೆದ ನಮ್ಮ ಬಾಲಿಕೆಯರು ತಾಯ್ತುವಿನ ಹೆಸರನ್ನೂ ಅರಿಯಬಾರದೇಕೆ?

ಇನ್ನು ಆಕ್ಷೇಪಣೆಗಳಿಗೆ ಬರುತ್ತೇವೆ. ಪರೀಕ್ಷೆಗೆ ಬಾರದ ವಿಷಯಕ್ಕೆ ಕಾಲವೆಲ್ಲಿದೆ ಎಂದು ಕೆಲವು ತಂದೆಗಳು ಕೇಳುವರು. ಅವರ ಚಿಂತೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಹೆಣ್ಣುಮಗುವಿನ ಫೀಸಿಗಾಗಿ ಸಾಲ ಮಾಡಿದ ಮನೆಗಳನ್ನು ನಾವು ಬಲ್ಲೆವು. ಆದರೆ ಇದಕ್ಕೆ ಬೇಕಾದದ್ದು ವಾರಕ್ಕೊಂದು ಗಂಟೆ, ಒಂದು ಅವಧಿ ಮಾತ್ರ. ಭೂಗೋಳ, ಚರಿತ್ರೆ, ಭಾಷೆ, ಅಡಿಗೆ ಮೂರು ನಾಲ್ಕು ಪಾಠಗಳು ಆ ಒಂದೇ ಗಂಟೆಯಲ್ಲಿ ಕೂಡಿಬರುತ್ತವೆ.

ನಮ್ಮ ನಾಡನ್ನೇ ಅರಿಯದವರಿಗೆ ಪರನಾಡೇಕೆ ಎಂಬುದು ಎರಡನೆಯ ಆಕ್ಷೇಪಣೆ. ರಾಗಿಯ ಊರನ್ನು ಅರಿಯುವುದು ನಮ್ಮ ನಾಡನ್ನು ಅರಿಯುವುದೇ ಅಲ್ಲವೇ? ಇಥಿಯೋಪಿಯದಲ್ಲಿ ಹುಟ್ಟಿ, ಗುಲಾಮನಾಗಿ ಮಾರಲ್ಪಟ್ಟು, ಕಡೆಗೆ ಅಹಮದ್‌ನಗರದ ರಾಜ್ಯವನ್ನೇ ನಡೆಸಿ 1626ರಲ್ಲಿ ತೀರಿಕೊಂಡ ಮಲಿಕ್ ಅಂಬರನನ್ನೂ, ಬಿಜಾಪುರದ ಆದಿಲಶಾಹಿಯಲ್ಲಿ ಮಂತ್ರಿಯಾಗಿದ್ದ ಹಬಶಿ ಇಖ್ಲಾಸ್ ಖಾನನನ್ನೂ ಬಿಟ್ಟು ದಕ್ಷಿಣಾಪಥದ ಚರಿತ್ರೆಯನ್ನು ಹೇಗೆ ಹೇಳುವುದು? ಉತ್ತರ ಕನ್ನಡದ ಸಿದ್ದಿಗಳ ಪೂರ್ವಿಕರಾದರೋ ಹೆಚ್ಚಾಗಿ ಆಗ್ನೇಯ ಆಫ್ರಿಕದವರು. ಪೋರ್ತುಗೀಜರ ಹಡಗುಗಳಲ್ಲಿ ಗೋವೆಗೆ ತರಲ್ಪಟ್ಟವರು ಅವರಲ್ಲಿ ಬಹುಮಂದಿ. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಅವರು ಪರದೇಶಿಗಳಲ್ಲ, ನಮ್ಮ ನೆರೆಯವರು.

ಮೂರನೆಯ ಆಕ್ಷೇಪಣೆ ಇವೆರಡಕ್ಕಿಂತ ಗಟ್ಟಿಯಾದದ್ದು. ಒಳ್ಳೆಯದನ್ನೇ ಆರಿಸಿ ಹೇಳಿದರೆ ಅದೂ ಸುಳ್ಳಲ್ಲವೇ ಎಂದು ಕೇಳುವರು. ಹೌದು, ಅದೂ ಸುಳ್ಳೇ. ಆ ದೇಶದಲ್ಲಿ ಗುಲಾಮಗಿರಿಯು ಕಾನೂನಿನಿಂದ ಪೂರ್ಣವಾಗಿ ನಿಷಿದ್ಧವಾದದ್ದು 1942ರಲ್ಲಿ. 1984-85ರ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತರು. ಮಳೆಯ ಅಭಾವದೊಡನೆ ಒಳಯುದ್ಧವೂ ಸರ್ಕಾರದ ನಡತೆಯೂ ಅದಕ್ಕೆ ಕಾರಣಗಳಾದವು. 2020ರಿಂದ 2022ರವರೆಗೆ ತಿಗ್ರಾಯ್ ಪ್ರಾಂತದಲ್ಲಿ ಘೋರವಾದ ಯುದ್ಧ ನಡೆಯಿತು. ಹಳ್ಳಿಗಳಲ್ಲಿ ಹುಡುಗಿಯರು ಇನ್ನೂ ದೂರದಿಂದ ನೀರು ಹೊರುತ್ತಾರೆ. ಬಾಲ್ಯವಿವಾಹವು ಅಲ್ಲಿ ತೊಲಗಿಲ್ಲ, ಇಲ್ಲಿಯೂ ತೊಲಗಿಲ್ಲ. ಇವೆಲ್ಲವನ್ನೂ ಮಕ್ಕಳಿಗೆ ಹೇಳತಕ್ಕದ್ದು. ಆದರೆ ಮನುಷ್ಯರ ಪರಿಚಯವಾದ ಮೇಲೆ ಹೇಳಿದ ಕಷ್ಟವು ಸಹಾನುಭೂತಿಯನ್ನು ಹುಟ್ಟಿಸುತ್ತದೆ. ಪರಿಚಯಕ್ಕೆ ಮೊದಲೇ ಹೇಳಿದ ಕಷ್ಟವು ಬರಿಯ ಕನಿಕರವನ್ನು ಹುಟ್ಟಿಸುತ್ತದೆ. ಕನಿಕರಕ್ಕೂ ತಿರಸ್ಕಾರಕ್ಕೂ ನಡುವೆ ಬಹಳ ದೂರವಿಲ್ಲ. ಪರದೇಶದ ಮಕ್ಕಳಿಗಾಗಿ ಡಬ್ಬಿಯಲ್ಲಿ ಕಾಸು ಹಾಕುವುದನ್ನು ನಾವು ಕಲಿತಿದ್ದೆವು. ಆ ಮಕ್ಕಳಿಂದ ಏನನ್ನಾದರೂ ಕಲಿಯಬಹುದೆಂದು ಮಾತ್ರ ಕಲಿಯಲಿಲ್ಲ.

ಆದ್ದರಿಂದ ನಮ್ಮ ಸೂಚನೆಗಳು ಇವು. ವರ್ಷಕ್ಕೆ ಒಂದೇ ದೇಶವನ್ನು ತೆಗೆದುಕೊಳ್ಳಲಿ. ಆ ದೇಶದ ಹತ್ತು ಮಂದಿಯ ಹೆಸರನ್ನು ಸರಿಯಾಗಿ ಉಚ್ಚರಿಸಲು ಮಕ್ಕಳು ಕಲಿಯಲಿ; ಹೆಸರನ್ನು ಕೆಡಿಸಿ ನಗುವುದೇ ಅವಮಾನದ ಮೊದಲನೆಯ ಮೆಟ್ಟಿಲು. ವೇಷವನ್ನು ಹಾಕಲೇಬೇಕಾದರೆ ಆ ಜನರು ನಿಜವಾಗಿ ಉಡುವ, ಅಂಚಿಗೆ ಬಣ್ಣದ ನೇಯ್ಗೆಯುಳ್ಳ ಬಿಳಿಯ ಹತ್ತಿಯ ಬಟ್ಟೆಯನ್ನು ಉಡಲಿ. ಮುಖಕ್ಕೆ ಬಣ್ಣವನ್ನು ಬಳಿಯಕೂಡದು. ನಮ್ಮ ಊರುಗಳಲ್ಲಿ ಓದುವ ಆಫ್ರಿಕದ ವಿದ್ಯಾರ್ಥಿನಿಯರನ್ನು ಶಾಲೆಗೆ ಕರೆಯುವುದಾದರೆ ನೋಟಕ್ಕಿಡುವ ಬೊಂಬೆಗಳಂತೆ ಅಲ್ಲ, ಅತಿಥಿಗಳಂತೆ ಕರೆಯಲಿ. ಅವರು ಕೇಳುವ ಪ್ರಶ್ನೆಗಳಿಗೆ ನಮ್ಮ ಮಕ್ಕಳೂ ಉತ್ತರ ಕೊಡಲಿ. ತಾಯಂದಿರು ಮನೆಯಲ್ಲಿ ಮಾಡಬೇಕಾದ ಕೆಲಸ ಇನ್ನೂ ದೊಡ್ಡದು. ಕೂಸು ಹುಟ್ಟಿದೊಡನೆ ಬಣ್ಣವನ್ನು ಕೇಳುವ ನಾಲಗೆ, ಕಪ್ಪು ಮಗಳಿಗೆ ವರ ಸಿಕ್ಕದೆಂದು ನಿಟ್ಟುಸಿರಿಡುವ ನಾಲಗೆ ನಮ್ಮದೇ. ಅದನ್ನು ಕೇಳುತ್ತ ಬೆಳೆದ ಮಗುವಿಗೆ ಶಾಲೆಯ ಒಂದು ಗಂಟೆ ಏನು ಮಾಡೀತು?

1992ರ ಬಾರ್ಸಿಲೋನ ಒಲಿಂಪಿಕ್ ಪಂದ್ಯದಲ್ಲಿ ಇಥಿಯೋಪಿಯದ ದೆರಾರ್ತು ತುಲು ಹತ್ತು ಸಾವಿರ ಮೀಟರುಗಳ ಓಟವನ್ನು ಗೆದ್ದಳು. ಒಲಿಂಪಿಕ್ ಚಿನ್ನವನ್ನು ಪಡೆದ ಮೊದಲನೆಯ ಕಪ್ಪು ಆಫ್ರಿಕನ್ ಮಹಿಳೆ ಆಕೆ. ಗುರಿಯನ್ನು ಮುಟ್ಟಿದ ಮೇಲೆ ಆಕೆ ಹೊರಟುಹೋಗದೆ, ಎರಡನೆಯವಳಾಗಿ ಬಂದ ದಕ್ಷಿಣ ಆಫ್ರಿಕದ ಬಿಳಿಯ ಓಟಗಾರ್ತಿ ಎಲಾನ ಮೇಯರಳಿಗಾಗಿ ಕಾದು ನಿಂತಳು. ಇಬ್ಬರೂ ಕೈಹಿಡಿದು ಮೈದಾನವನ್ನು ಸುತ್ತಿದರು. ನಮ್ಮ ಶಾಲೆಯ ಗೋಡೆಗೆ ಆಫ್ರಿಕದ ಚಿತ್ರವೊಂದನ್ನು ಹಾಕಬೇಕಾದರೆ ಅದನ್ನು ಹಾಕಬೇಕೆಂದು ನಮ್ಮ ಆಸೆ.

ಬಾವಿಯ ಕಟ್ಟೆಯ ಆ ಹುಡುಗಿ ಈಗ ಎಲ್ಲಿದ್ದಾಳೋ ನಾವು ಅರಿಯೆವು. ಈ ಸಂಚಿಕೆ ಅವಳ ಕೈಸೇರುವುದಾದರೆ ಅವಳಿಗೆ ನಮ್ಮ ಮಾತು ಇಷ್ಟೇ: ತಂಗೀ, ಅಂದು ನಾವು ತೊಳೆದದ್ದು ಮಸಿಯನ್ನು ಮಾತ್ರ, ಉಳಿದುದನ್ನು ತೊಳೆಯಲು ಇಷ್ಟು ವರ್ಷಗಳು ಬೇಕಾದವು. ನಮ್ಮ ಮಕ್ಕಳಿಗೆ ಅಷ್ಟು ವರ್ಷಗಳು ಬೇಕಾಗದಿರಲಿ.